ಮನೆಯವರ ನೆಗಡಿ ಗುಳಿಗೆ ನುಂಗಿದ ತಂಗಿಗೆ

ತಂಗೀ, ನಿನ್ನ ಪೋಸ್ಟ್ ನೋಡಿ ಒಲೆ ಆರಿಸಿ ಬಂದು ಕೂತಿದ್ದೇನೆ. ಮೂರು ತಿಂಗಳ ಬಸುರಿ, ಮೆಕ್ಕೆಜೋಳದ ರಾಶಿ ನಡೆದಿದೆ, ಸೀನು ನಿಲ್ಲಲಿಲ್ಲ ಅಂತ ಮನೆಯವರ ನೆಗಡಿ ಗುಳಿಗೆ ಎರಡು ನುಂಗಿದ್ದೀಯ. ಉಬ್ಬಸದ ಪಂಪ್ ಮಾತ್ರ ಮಗುವಿಗೆ ಆಗಲ್ಲ ಅಂತ ಬಿಟ್ಟಿದ್ದೀಯ. ಬಿಡಬೇಕಾದದ್ದು ಹಿಡಿದೆ, ಹಿಡಿಯಬೇಕಾದದ್ದು ಬಿಟ್ಟೆ. ಬೈಯುತ್ತಿಲ್ಲ, ನನ್ನ ಎರಡನೇ ಮಗನ ಹೊತ್ತಿಗೆ ನಾನೂ ಇದನ್ನೇ ಮಾಡಿದ್ದೆ.

ಪಂಪ್ ವಿಷಯ ಮೊದಲು. ನಾನು ದಿನಾ ಎರಡು ಹೊತ್ತು ಎಳೆಯುತ್ತಿದ್ದದ್ದು ಬುಡೆಸೊನೈಡ್, ಶ್ವಾಸನಾಳದ ಊತ ಇಳಿಸುವ ಔಷಧಿ. ಓಣಿಯವರ ಮಾತು ಕೇಳಿ ಐದನೇ ತಿಂಗಳಲ್ಲಿ ಬಿಟ್ಟೆ. ಹತ್ತು ದಿನ ಏನೂ ಆಗಲಿಲ್ಲ, ಅದೇ ಮೋಸ. ಆಮೇಲೆ ಪಕ್ಕದ ಕಣದಲ್ಲಿ ರಾಶಿ ಮೆಷಿನ್ ಓಡಿತು ನೋಡು, ಆ ರಾತ್ರಿ ಮಲಗಲು ಆಗದೆ ಗೋಡೆಗೆ ಒರಗಿ ಕೂತೆ. ಎರಡು ಗಂಟೆಗೆ ಲಗೇಜ್ ಆಟೋದಲ್ಲಿ ದಾವಣಗೆರೆಗೆ ಕರೆದುಕೊಂಡು ಬಂದರು. ಆನಗೋಡು ದಾಟುವಷ್ಟರಲ್ಲಿ ಮಾತೇ ಹೊರಡುತ್ತಿರಲಿಲ್ಲ. ಆಮ್ಲಜನಕ ಅಳೆಯುವ ಕ್ಲಿಪ್ ಬೆರಳಿಗೆ ಹಾಕಿದರೆ ಬರೀ 89 ತೋರಿಸಿತು. ಕೊನೆಗೆ ಮಾಸ್ಕ್ ಹಾಕಿ ಎಳೆಸಿದ್ದರಲ್ಲಿ ನಾನು ಭಯಪಟ್ಟು ಬಿಟ್ಟಿದ್ದ ಔಷಧಿಯೂ ಇತ್ತು, ಅದೂ ಜಾಸ್ತಿ ಪ್ರಮಾಣದಲ್ಲಿ! ಉಬ್ಬಸ ಹತೋಟಿ ತಪ್ಪಿದರೆ ಬಿಪಿ ಏರುವುದು, ದಿನ ತುಂಬುವ ಮೊದಲೇ ಹೆರಿಗೆ, ಮಗು ತೂಕ ಕಡಿಮೆ ಹುಟ್ಟುವುದು, ಇವೆಲ್ಲದರ ಅಪಾಯ ಹೆಚ್ಚುತ್ತದೆ. ಬುಡೆಸೊನೈಡ್ ಬಸುರಿಯರಲ್ಲಿ ವರ್ಷಗಟ್ಟಲೆ ಬಳಸಿ ನೋಡಿರುವ ಔಷಧಿ. ನಿನ್ನ ಪಂಪಿನಲ್ಲಿ ಏನಿದೆಯೋ ಗೊತ್ತಿಲ್ಲ, ಅದಕ್ಕೆ ನಾಳೆ ಅಂತ ದಬ್ಬದೆ ಇವತ್ತೇ ಡಾಕ್ಟರಿಗೆ ಫೋನ್ ಮಾಡು.

ಇನ್ನು ಗುಳಿಗೆ. ಶೀಟಿನ ಮುಂದೆ ದಪ್ಪ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು, ಅದನ್ನು ಬಿಡು. ಹಿಂದೆ ಸಣ್ಣದಾಗಿ ಬರೆದದ್ದು ಓದು. ನೀನು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ: ಪ್ಯಾರಾಸಿಟಮಾಲ್, ಸೀನು ತಡೆಯುವ ಸಿಟ್ರಿಜಿನ್, ಫಿನೈಲೆಫ್ರಿನ್. ಮೂರನೆಯದೇ ತಕರಾರು. ಅದು ರಕ್ತನಾಳ ಬಿಗಿಸುವ ಔಷಧಿ. ಬಸುರಿಯರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಮತ್ತು ಬಿಪಿ ಇದ್ದರೆ, ಬೇಡ ಅಂತಲೇ ಹೇಳುತ್ತಾರೆ. ಸೂಡೋಎಫೆಡ್ರಿನ್ ಅಂತ ಇದ್ದರೂ ಅಷ್ಟೇ. ಇಷ್ಟಾಗಿ ಬಾಯಿಂದ ನುಂಗುವ ಫಿನೈಲೆಫ್ರಿನ್‌ನಿಂದ ಕಟ್ಟಿದ ಮೂಗು ಬಿಡುವುದೇ ಇಲ್ಲ ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿಯೇ ಹೇಳಿದೆ. ನಮ್ಮಲ್ಲಿ ಇನ್ನೂ ಅದನ್ನೇ ಹತ್ತು ಹತ್ತು ಗುಳಿಗೆ ಕತ್ತರಿಸಿ ಕೊಡುತ್ತಾರೆ. ಹಾಗಂತ ಎರಡು ನುಂಗಿದ್ದಕ್ಕೆ ರಾತ್ರಿಯೆಲ್ಲ ಅಳುತ್ತಾ ಕೂರಬೇಡ. ಇನ್ನೊಂದು ಗುಳಿಗೆ ನುಂಗಬೇಡ, ಶೀಟನ್ನು ತಾಯಿ ಕಾರ್ಡ್ ಒಳಗೆ ಇಟ್ಟುಕೊಂಡು ಹೋಗಿ ತೋರಿಸು.

ಬರೀ ಸಿಟ್ರಿಜಿನ್, ಬರೀ ಲೊರಾಟಡಿನ್, ಇವು ಬೇರೆ ಮಾತು. ಸಾವಿರಾರು ಬಸುರಿಯರ ಲೆಕ್ಕ ನೋಡಿದ್ದಾರೆ, ಮಕ್ಕಳಲ್ಲಿ ಅಂಗದೋಷ ಹೆಚ್ಚಾದದ್ದು ಕಂಡಿಲ್ಲ. ಡಾಕ್ಟರು ಸಾಮಾನ್ಯವಾಗಿ ಇವುಗಳಲ್ಲೇ ಒಂದನ್ನು ಬರೆಯುತ್ತಾರೆ. ಅಲೆಗ್ರಾ ತಗೋ ಅಂತ ಮೇಲಿನ ಕಾಮೆಂಟಿನಲ್ಲಿ ಒಬ್ಬರು ಹೇಳಿದ್ದಾರಲ್ಲ, ಅದು ಫೆಕ್ಸೊಫೆನಡಿನ್, ಬಸುರಿಯರ ಬಗ್ಗೆ ಅದಕ್ಕೆ ಅಷ್ಟು ಮಾಹಿತಿ ಇಲ್ಲ. ಮಾಂಟೇರ್ ಎಲ್‌ಸಿ ಎರಡು ಔಷಧಿ ಸೇರಿದ್ದು, ಒಂದು ಸೀನಿಗೆ ಅದು ಯಾಕೆ? ಅವಿಲ್ ಅನ್ನುವ ಅಲರ್ಜಿ ಗುಳಿಗೆ ನುಂಗಿದರೆ ನಾನು ಅನ್ನಕ್ಕಿಟ್ಟ ಕುಕ್ಕರ್ ಮುಂದೆಯೇ ನಿದ್ದೆ ಮಾಡುತ್ತೇನೆ, ನನಗದು ಆಗದು. ಮತ್ತೆ 'ಕೆಟಗರಿ ಬಿ, ಸೇಫ್' ಅಂತ ಗೂಗಲ್ ಚಿತ್ರ ಹಾಕಿದ ಅಣ್ಣನವರೇ, ಬಸುರಿಯರಿಗೆ ಔಷಧಿ ಎಷ್ಟು ಅಪಾಯ ಅಂತ ಅಕ್ಷರ ಕೊಡುವ ಆ ಎಬಿಸಿಡಿ ಪದ್ಧತಿಯನ್ನು ಎಫ್‌ಡಿಎ 2015ರಲ್ಲೇ ಕೈಬಿಟ್ಟಿದೆ.

ನನಗೆ ನಿಜವಾಗಿ ಕೆಲಸ ಮಾಡಿದ್ದು ಉಪ್ಪುನೀರು. ನಗಬೇಡಿ. ನೀರು ಚೆನ್ನಾಗಿ ಕುದಿಸಿ ಆರಿಸಬೇಕು, ಇದರಲ್ಲಿ ಸೋಮಾರಿತನ ಬೇಡ, ನಲ್ಲಿ ನೀರೋ ಬೋರ್ ನೀರೋ ನೇರ ಮೂಗಿಗೆ ಹೋಗಬಾರದು. ಒಂದು ದೊಡ್ಡ ಲೋಟ, ಅಂದರೆ 240 ಎಂಎಲ್ ನೀರಿಗೆ ಕಾಲಿನಿಂದ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಉಗುರುಬೆಚ್ಚಗಿರುವಾಗ ಸಿಂಕ್ ಮೇಲೆ ಬಾಗಿ, ಬಾಯಿ ತೆರೆದು, ಮೂಗು ತೊಳೆಯುವ ಬಾಟಲಿಯಿಂದ ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಬರುತ್ತದೆ. ಮೊದಲ ದಿನ ನಾನು ಉಪ್ಪು ಕಮ್ಮಿ ಹಾಕಿ, ಹಣೆಗೆ ಮೆಣಸಿನಪುಡಿ ಹೋದ ಹಾಗೆ ಉರಿದು ಬಾಟಲಿಯನ್ನೇ ಎಸೆದಿದ್ದೆ. ಉಪ್ಪು ಕಮ್ಮಿಯಾದರೂ ಉರಿ, ಜಾಸ್ತಿಯಾದರೂ ಉರಿ. ಅಳತೆ ಬೇಡ ಅನ್ನುವವರಿಗೆ ಮೆಡಿಕಲ್ ಶಾಪಿನಲ್ಲಿ ಪ್ಯಾಕೆಟ್ ಸಿಗುತ್ತದೆ. ಕಣದಿಂದ ಬಂದ ಕೂಡಲೇ ಒಮ್ಮೆ, ಮಲಗುವ ಮೊದಲು ಒಮ್ಮೆ. ಬಾಟಲಿ ದಿನಾ ತೊಳೆದು ಒಣಗಿಸು.

ಇದಕ್ಕೂ ಮೂಗು ಬಿಡಿಸುವ ಡ್ರಾಪ್ಸಿಗೂ ಗೊಂದಲ ಬೇಡ. ಆಕ್ಸಿಮೆಟಜೊಲಿನ್, ಕ್ಸೈಲೋಮೆಟಜೊಲಿನ್ ಅಂತ ಇದ್ದರೆ ಅದು ಔಷಧಿ. ಮೂರು ದಿನ ದಾಟಿ ಹಾಕುತ್ತಾ ಹೋದರೆ ಡ್ರಾಪ್ಸೇ ಮೂಗು ಕಟ್ಟಿಸುತ್ತದೆ, ಆಮೇಲೆ ಬಿಡುವುದು ಬೀಡಿ ಬಿಟ್ಟಷ್ಟೇ ಕಷ್ಟ. ಒಂದೇ ಹೆಸರಿನ ಡಬ್ಬಿಯಲ್ಲಿ ಔಷಧಿಯದೂ ಬರುತ್ತದೆ, ಬರೀ ಉಪ್ಪುನೀರಿನದೂ ಬರುತ್ತದೆ, ಹಾಗಾಗಿ ಇಲ್ಲೂ ಡಬ್ಬಿ ತಿರುಗಿಸಿ ನೋಡು.

ಸೀನು, ತುರಿಕೆ ಇಲ್ಲದೆ ಸುಮ್ನೆ ಮೂಗು ಕಟ್ಟಿಕೊಂಡೇ ಇದ್ದರೆ ಅದು ಅಲರ್ಜಿಯೇ ಅಲ್ಲದಿರಬಹುದು. ಬಸುರಿಯಲ್ಲಿ ಹಾರ್ಮೋನಿನಿಂದಲೂ ಹಾಗಾಗುತ್ತದೆ, ಹೆರಿಗೆಯಾಗಿ ಎರಡು ವಾರದೊಳಗೆ ತಾನೇ ಹೋಗುತ್ತದೆ. ಅದಕ್ಕೆ ಸಿಟ್ರಿಜಿನ್ ಎಷ್ಟು ನುಂಗಿದರೂ ದಂಡ. ತಲೆದಿಂಬು ಎತ್ತರಿಸಿ ಮಲಗು.

ಧೂಳಿನ ಮಾತು. ಈ ವರ್ಷ ರಾಶಿ ಹತ್ತಿರ ನೀನು ನಿಲ್ಲಲೇಬೇಡ, ಲೆಕ್ಕ ಬರೆಯಲು ಬೇರೆಯವರು ಇದ್ದಾರೆ. ಟವೆಲ್ ಸುತ್ತಿಕೊಂಡರೆ ಸಣ್ಣ ಧೂಳು ನಿಲ್ಲಲ್ಲ, ಎನ್95 ತಗೋ. ಮನೆಯವರು ಕಣದ ಬಟ್ಟೆಯಲ್ಲೇ ಬಂದು ಹಾಸಿಗೆ ಮೇಲೆ ಕೂರುತ್ತಾರಲ್ಲ, ಅದು ಮೊದಲು ನಿಲ್ಲಲಿ, ಬಚ್ಚಲ ಹತ್ತಿರವೇ ಕಳಚಲಿ. ಬದುವಿನ ಕಾಂಗ್ರೆಸ್ ಗಿಡ ಹೂ ಬಿಡುವ ಮೊದಲೇ, ನೆಲ ಹಸಿ ಇರುವಾಗ ಬೇರು ಸಮೇತ ಕಿತ್ತು ಹಾಕಿಸು, ಕೀಳುವವರು ಗ್ಲೌಸ್ ಹಾಕಿಕೊಳ್ಳಲಿ, ನೀನು ಕೈ ಹಾಕಬೇಡ. ಹೂ ಬಿಟ್ಟ ಮೇಲೆ ಕಿತ್ತರೆ ಪರಾಗ ಉದುರಿ ಇಡೀ ಓಣಿ ಸೀನುತ್ತದೆ, ನಮ್ಮಲ್ಲಿ ಹೋದ ವರ್ಷ ಹಾಗೇ ಆಯಿತು.

ಡಾಕ್ಟರು ಏನು ಬರೆದುಕೊಟ್ಟರು ಅಂತ ಇಲ್ಲೇ ಹಾಕು. ಶೀಟಿನ ಹಿಂಬದಿ ಫೋಟೋ ಹಾಕು, ಮುಂಬದಿ ಅಲ್ಲ.