59 ವರ್ಷದ ಸದಸ್ಯತ್ವ: ಹಾಸನದ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಅಮೆರಿಕದ ಸಂಸತ್ ಸದಸ್ಯರಾಗಿದ್ದ ಜಾನ್ ಡಿಂಗೆಲ್ ಬಗ್ಗೆ ಬಂದ ಲೇಖನ ಓದಿ ನೀವು ಸಿಟ್ಟಾಗಿದ್ದೀರಿ. "ಅಪ್ಪ ಆದ ಮೇಲೆ ಮಗ, ಮಗ ಆದ ಮೇಲೆ ಅವನ ಹೆಂಡತಿ. ಇದನ್ನು ನೀವು ಸೇವೆ ಅಂತ ಬರೆಯುತ್ತೀರಿ. ಒಬ್ಬನೇ ಮನುಷ್ಯ 59 ವರ್ಷ ಕೂತರೆ ಅದು ಪ್ರಜಾಪ್ರಭುತ್ವ ಹೇಗಾಗುತ್ತದೆ?" ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಎರಡು ಸಾಲಲ್ಲಿ ಮುಗಿಸೋದು ಸರಿಯಲ್ಲ ಅನ್ನಿಸಿ ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮಾತಲ್ಲಿ ನಿಜ ಇದೆ. ಅಪ್ಪನ ಹೆಸರೂ ಜಾನ್ ಡಿಂಗೆಲ್ಲೇ. 1933ರಲ್ಲಿ ಮಿಶಿಗನ್ ರಾಜ್ಯದಿಂದ ಪ್ರತಿನಿಧಿ ಸಭೆಗೆ (ನಮ್ಮ ಲೋಕಸಭೆಯಂಥ ಕೆಳಮನೆ) ಹೋದವರು 1955ರಲ್ಲಿ ತೀರಿಕೊಂಡರು. ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ 29 ವರ್ಷದ ಮಗ ಗೆದ್ದರು. 2015ರ ಜನವರಿಯಲ್ಲಿ ಅವರು ಇಳಿದಾಗ ಆ ಜಾಗಕ್ಕೆ ಹೆಂಡತಿ ಡೆಬ್ಬಿ ಬಂದರು. ಇದರಲ್ಲಿ ಮನೆತನದ ಹೆಸರಿನ ಪಾಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ ಅಲ್ಲಿ ಟಿಕೆಟ್ ಹೈಕಮಾಂಡ್‌ನಿಂದ ಬರೋದಿಲ್ಲ. ಪಕ್ಷದೊಳಗೇ ಮೊದಲು ಪ್ರೈಮರಿ ಅಂತ ಒಂದು ಚುನಾವಣೆ ನಡೆಯುತ್ತದೆ, ಅದರಲ್ಲಿ ಮತದಾರರೇ ಅಭ್ಯರ್ಥಿಯನ್ನು ಆರಿಸುತ್ತಾರೆ. ಅದೂ ಎರಡೆರಡು ವರ್ಷಕ್ಕೊಮ್ಮೆ. ಉಪಚುನಾವಣೆಯೂ ಸೇರಿ ಡಿಂಗೆಲ್ ಹೀಗೆ 30 ಸಲ ಜನರ ಮುಂದೆ ನಿಂತು ಗೆದ್ದರು. 1964ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ, ತಮ್ಮದೇ ಪಕ್ಷದ ಇನ್ನೊಬ್ಬ ಹಾಲಿ ಸದಸ್ಯ ಜಾನ್ ಲೆಸಿನ್ಸ್ಕಿ ಎದುರು ಪ್ರೈಮರಿಗೆ ನಿಲ್ಲಬೇಕಾಯಿತು. ಆ ವರ್ಷವೇ ಕರಿಯರಿಗೆ ಸಮಾನ ಹಕ್ಕು ಕೊಡುವ ಮಸೂದೆ ಬಂದಿತ್ತು. ಲೆಸಿನ್ಸ್ಕಿ ಅದರ ವಿರುದ್ಧ ಮತ ಹಾಕಿದ್ದರು, ಡಿಂಗೆಲ್ ಪರ. ಸೀಟು ಹೋದರೂ ಹೋಗಬಹುದಿತ್ತು. ಹೋಗಲಿಲ್ಲ.

ನಾನು ಅವರನ್ನು ಗೌರವಿಸುವುದು ಬೇರೆ ಕಾರಣಕ್ಕೆ. ಅವರ ಅಪ್ಪನಿಗೆ ಯೌವನದಲ್ಲಿ ಕ್ಷಯರೋಗ ಬಂದಿತ್ತು. ಕಾಯಿಲೆ ಬಿದ್ದವನ ಪಾಡು ಏನು ಅಂತ ಮೈಯಲ್ಲೇ ತಿಳಿದಿದ್ದವರು. 1943ರಲ್ಲಿ ದೇಶದ ಎಲ್ಲರಿಗೂ ಆರೋಗ್ಯ ವಿಮೆ ಕೊಡುವ ಮಸೂದೆಯನ್ನು ಇಬ್ಬರು ಸೆನೆಟರ್‌ಗಳ (ಮೇಲ್ಮನೆ ಸದಸ್ಯರ) ಜೊತೆ ಸೇರಿ ಮಂಡಿಸಿದರು. ಅದು ಪಾಸಾಗಲಿಲ್ಲ. ಮಗ ಬಂದ ಮೇಲೆ, ಹೊಸ ಸಭೆ ಕೂಡಿದಾಗಲೆಲ್ಲ, ಅದು ಪಾಸಾಗೋದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ, ಸುಮ್ನೆ ಕೂರದೆ ಅಪ್ಪನ ಆಸೆಯ ಮಸೂದೆಯನ್ನು ಮತ್ತೆ ಮತ್ತೆ ತಂದರು. ಐವತ್ತು ವರ್ಷಕ್ಕೂ ಜಾಸ್ತಿ! ಇಷ್ಟು ಕಾಲ ಒಂದೇ ಹಟ ಹಿಡಿಯೋದು ಸಣ್ಣ ಮಾತಲ್ಲ, ಅಲ್ವಾ?

1965ರಲ್ಲಿ 65 ದಾಟಿದವರಿಗಾಗಿ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ವಿಮೆಯ ಮಸೂದೆ ಪ್ರತಿನಿಧಿ ಸಭೆಯಲ್ಲಿ ಪಾಸಾದ ದಿನ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ಡಿಂಗೆಲ್. ಅವತ್ತು ಮೇಜಿಗೆ ಬಡಿದ ಮರದ ಸುತ್ತಿಗೆಯನ್ನು ಅವರು ಜೋಪಾನವಾಗಿ ಇಟ್ಟುಕೊಂಡರು. 2010ರ ಮಾರ್ಚ್ 21ರಂದು ಇನ್ನಷ್ಟು ಜನರಿಗೆ ಆರೋಗ್ಯ ವಿಮೆ ಸಿಗುವಂತೆ ಮಾಡುವ ಒಬಾಮ ಸರ್ಕಾರದ ಮಸೂದೆಗೆ ಮತ ಹಾಕುವ ದಿನ ಅದನ್ನು ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವರ ಕೈಗೆ ಕೊಟ್ಟರು. ಪೆಲೋಸಿ ಸುತ್ತಿಗೆ ಹಿಡಿದು, ಕೂಗಾಡುತ್ತಿದ್ದ ವಿರೋಧಿಗಳ ನಡುವೆ ನಡೆದುಕೊಂಡೇ ಸಂಸತ್ ಭವನಕ್ಕೆ ಹೋದರು. ಮಸೂದೆ 219-212ರಲ್ಲಿ ಗೆದ್ದಿತು. ಎರಡು ದಿನದ ಮೇಲೆ ಒಬಾಮ ಸಹಿ ಹಾಕುವಾಗ 83 ವರ್ಷದ ಡಿಂಗೆಲ್ ಪಕ್ಕದಲ್ಲೇ ಕೂತಿದ್ದರು. ಅಪ್ಪ ಕೇಳಿದ್ದಷ್ಟು ಅದರಲ್ಲಿ ಇರಲಿಲ್ಲ, ನಿಜ. ಆದರೂ ಆ ಫೋಟೊ ನೋಡಿದಾಗ ನನಗೆ ಗಂಟಲು ಕಟ್ಟುತ್ತದೆ.

ಅವರ ತಪ್ಪನ್ನು ನಮ್ಮ ಲೇಖನ ಬಿಟ್ಟಿತ್ತು. ಅದು ನಮ್ಮ ಕೊರತೆ. ಅವರ ಕ್ಷೇತ್ರ ಇದ್ದದ್ದು ಡೆಟ್ರಾಯಿಟ್ ಪಕ್ಕ, ಫೋರ್ಡ್ ಕಂಪನಿಯ ಕೇಂದ್ರ ಕಚೇರಿ ಇರುವ ಡಿಯರ್‌ಬಾರ್ನ್ ಸುತ್ತಮುತ್ತ. ಕಾರಿನ ಹೊಗೆ ಕಡಿಮೆ ಮಾಡುವ ನಿಯಮ ಬಿಗಿ ಮಾಡಲು ಯಾರೇ ಹೊರಟರೂ ಡಿಂಗೆಲ್ ಅಡ್ಡ ನಿಲ್ಲುತ್ತಿದ್ದರು. ಕಾರ್ಖಾನೆ ಕಾರ್ಮಿಕರ ಅನ್ನದ ಪ್ರಶ್ನೆ ಅವರ ಮುಂದಿತ್ತು, ಒಪ್ಪುತ್ತೇನೆ. ಆದರೆ ಆ ಹೊಗೆ ಕುಡಿದ ಮಕ್ಕಳೂ ಇದ್ದರಲ್ಲ! ಬೇಸರ ಏನೆಂದರೆ, ಅಳಿವಿನಂಚಿನ ಪ್ರಾಣಿಗಳನ್ನು ಕಾಪಾಡುವ 1973ರ ಕಾಯ್ದೆಯನ್ನು ಪ್ರತಿನಿಧಿ ಸಭೆಯಲ್ಲಿ ಮುಂದೆ ನಿಂತು ತಂದವರೂ ಇವರೇ. ಕೊನೆಗೆ 2008ರಲ್ಲಿ ಅವರ ಪಕ್ಷದವರೇ 137-122 ಮತಗಳಿಂದ ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷ ಸ್ಥಾನದಿಂದ ಅವರನ್ನು ಇಳಿಸಿ ಕ್ಯಾಲಿಫೋರ್ನಿಯಾದ ಹೆನ್ರಿ ವ್ಯಾಕ್ಸ್‌ಮನ್ ಅವರನ್ನು ಕೂರಿಸಿದರು. ಅದು ಆಗಬೇಕಾದದ್ದೇ ಅನ್ನೋದು ನನ್ನ ಅಭಿಪ್ರಾಯ.

2019ರ ಫೆಬ್ರವರಿ 7ರಂದು, 92ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯ ಗಳಿಗೆಯಲ್ಲೂ ಹೆಂಡತಿಯ ಹತ್ತಿರ ಒಂದು ಲೇಖನ ಬರೆಸಿದರು. ಅಧಿಕಾರ ಜನರದ್ದು, ಗೆದ್ದವರು ಅದನ್ನು ನಂಬಿಕೆಯ ಮೇಲೆ ಹಿಡಿದುಕೊಂಡಿರುತ್ತಾರೆ ಅಷ್ಟೇ ಅನ್ನೋ ಅರ್ಥದ ಮಾತು ಅದರಲ್ಲಿದೆ.

ಇನ್ನು ಆ ಸೀಟು ಒಂದೇ ಮನೆಯಲ್ಲಿ ಉಳಿದ ಬಗ್ಗೆ ನಿಮ್ಮ ಆಕ್ಷೇಪಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ನನಗೂ ಅದು ಹಿಡಿಸೋದಿಲ್ಲ. ನಿಮ್ಮ ಪತ್ರವನ್ನು ಒಂದಕ್ಷರ ಕತ್ತರಿಸದೆ ಪಕ್ಕದ ಪುಟದಲ್ಲೇ ಹಾಕಿದ್ದೇವೆ.

ಸಂಪಾದಕ