ಮನಸ್ಸಿನ ಮಾತು: ತಪಾಸಣೆ ಮಗನಿಗೆ, ನಮ್ಮನ್ನೇಕೆ ಕರೆಯುತ್ತಾರೆ?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ಎಂಟು ತಿಂಗಳ ಹಿಂದೆ ಬೆಳಗಿನ ಜಾವ ತೋಟಕ್ಕೆ ಹೋಗಿದ್ದ ನನ್ನ ಮಾವನವರು ಕಾಡಾನೆಯ ತುಳಿತಕ್ಕೆ ಸಿಕ್ಕಿ ತೀರಿಕೊಂಡರು. ಜೊತೆಯಲ್ಲಿದ್ದ ಎಂಟು ವರ್ಷದ ಮಗ ಓಡಿಬಂದು ಉಳಿದುಕೊಂಡ. ಅಂದಿನಿಂದ ರಾತ್ರಿ ಬೆಚ್ಚಿ ಏಳುತ್ತಾನೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ಆನೆ ಓಡಿಸಲು ಪಟಾಕಿ ಹೊಡೆದರೆ ಮಂಚದ ಕೆಳಗೆ ಸೇರುತ್ತಾನೆ. ಪಾಠದಲ್ಲಿ ಗಮನವಿಲ್ಲ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರಬಹುದು ಎಂದು ಶಾಲೆಯವರು ಹೇಳಿದರು. ಹಾಸನದ ಮನಃಶಾಸ್ತ್ರಜ್ಞೆಯೊಬ್ಬರು ಮಗನ ತಪಾಸಣೆಗೆ ಗಂಡ ಹೆಂಡತಿ ಇಬ್ಬರೂ ಹಲವು ಸಲ ಬರಬೇಕು, ನಿಮ್ಮ ಪ್ರಶ್ನೆಗಳನ್ನು ಬರೆದು ತನ್ನಿ ಎಂದಿದ್ದಾರೆ. ಅಂತ್ರ ಕಟ್ಟಿಸಿರುವ ನಮ್ಮ ಅತ್ತೆ, ಮರೆಯುತ್ತಿರುವುದನ್ನು ಕೆದಕಬೇಡಿ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನೀವಿಬ್ಬರೂ ಹೋಗಬೇಕು, ತಡಮಾಡದೆ ಹೋಗಬೇಕು. ನಿಮ್ಮ ಅತ್ತೆಯವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಬಂದವರ ಮುಂದೆಲ್ಲ ಆ ಘಟನೆಯನ್ನು ಹೇಳಿಸಿದರೆ ಮಗು ನಲುಗುವುದು ನಿಜ. ಆದರೆ ಆಘಾತದ ಅರಿವಿಟ್ಟುಕೊಂಡು ಮಾಡುವ ತಪಾಸಣೆ ಪೊಲೀಸರ ವಿಚಾರಣೆಯಂತಿರುವುದಿಲ್ಲ. ಅಂದು ನಡೆದದ್ದನ್ನು ಹುಡುಗ ಎದುರಿಗಿಲ್ಲದಾಗ ನಿಮ್ಮಿಂದಲೇ ಕೇಳಿ ತಿಳಿಯುತ್ತಾರೆ. ಇಂದು ಏನು ಮಾಡುತ್ತೇವೆ, ಎಷ್ಟು ಹೊತ್ತು, ಅಮ್ಮ ಎಲ್ಲಿ ಕುಳಿತಿರುತ್ತಾರೆ, ಸಾಕೆನಿಸಿದರೆ ಹೇಗೆ ಹೇಳಬೇಕು ಎಂಬುದನ್ನು ಅವನಿಗೆ ಮೊದಲೇ ತಿಳಿಸಿ, ಚಿತ್ರ ಬರೆಸುತ್ತ, ಆಡಿಸುತ್ತ, ನಿದ್ದೆಯ ಬಗ್ಗೆ, ಭಯದ ಬಗ್ಗೆ ಮೆಲ್ಲನೆ ಕೇಳುತ್ತಾರೆ. ಆನೆಯ ವಿಷಯ ಹೇಳುವುದು ಬಿಡುವುದು ಅವನಿಗೆ ಸೇರಿದ್ದು. ಅಂದಹಾಗೆ, ಪಟಾಕಿಗೆ ಮಂಚದ ಕೆಳಗೆ ಸೇರುವ ಮಗು ಏನನ್ನೂ ಮರೆಯುತ್ತಿಲ್ಲ, ಮಾತನಾಡುತ್ತಿಲ್ಲ ಅಷ್ಟೆ. ಅಂತ್ರ ಇರಲಿ, ಅದರಿಂದ ತೊಂದರೆಯಿಲ್ಲ. ಗಂಡು ಹುಡುಗ ಹೆದರಬಾರದು ಎಂದು ಗದರಿಸುವುದು ಮಾತ್ರ ಬೇಡ.

ಶಾಲೆಯವರ ಅನುಮಾನ ಸಹಜವಾದದ್ದೇ, ಆದರೆ ಅವಸರದ್ದು. ರಾತ್ರಿ ನಿದ್ದೆಗೆಟ್ಟು, ಹಗಲೆಲ್ಲ ಹೊರಗಿನ ಸದ್ದಿಗೆ ಕಿವಿಗೊಟ್ಟು ಕೂರುವ ಹುಡುಗನಿಗೆ ಕಪ್ಪುಹಲಗೆ ಕಾಣುವುದಾದರೂ ಹೇಗೆ? ಶಿಕ್ಷಕರು ತುಂಬುವ ಪ್ರಶ್ನಾವಳಿಯಲ್ಲಿ ಈ ಕಟ್ಟೆಚ್ಚರವೂ ಎಡಿಎಚ್‌ಡಿಯೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಿಸುತ್ತವೆ. ಎಡಿಎಚ್‌ಡಿ ಎನ್ನಬೇಕಾದರೆ ಅದರ ಲಕ್ಷಣಗಳು ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬೇರೆ ಕಾರಣದಿಂದ ಅವು ಬಂದಿರಬಾರದು. ಆದ್ದರಿಂದ ಈ ಘಟನೆಗೆ ಮೊದಲು, ಒಂದನೆಯ ತರಗತಿಯಲ್ಲಿ, ಅವನು ಹೇಗಿದ್ದ ಎಂಬುದೇ ಇಲ್ಲಿ ಮುಖ್ಯ. ಹಳೆಯ ನೋಟ್‌ಬುಕ್ಕುಗಳನ್ನೂ ಅಂಕಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಎರಡೂ ತೊಂದರೆಗಳು ಒಟ್ಟಿಗಿರುವುದೂ ಉಂಟು. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದ್ದರೆ, ಸೋಂಕು ಮತ್ತು ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಕ್ಕಳ ವೈದ್ಯರಲ್ಲಿ ಮೂತ್ರ ಪರೀಕ್ಷೆಯನ್ನೂ ಮಾಡಿಸಿ.

ಇನ್ನು, ನಿಮ್ಮನ್ನೇಕೆ ಕರೆದರು ಎಂಬುದು. ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಸ್ಟೀಫನ್ ಫಿನ್ ಎಂಬ ಮನಃಶಾಸ್ತ್ರಜ್ಞರು 1990ರ ದಶಕದಲ್ಲಿ ‘ಚಿಕಿತ್ಸಾತ್ಮಕ ಮೌಲ್ಯಮಾಪನ’ ಎಂಬ ಕ್ರಮವನ್ನು ರೂಪಿಸಿದರು. ಡೆಬೊರಾ ಥಾರಿಂಗರ್ ಮತ್ತು ಸಂಗಡಿಗರು ಅದನ್ನು ಮಕ್ಕಳಿಗೂ ಮನೆಯವರಿಗೂ ಹೊಂದಿಸಿದರು. ಪ್ರಶ್ನೆ ಬರೆದು ತನ್ನಿ ಎಂದವರು ಈ ದಾರಿಯನ್ನು ಬಲ್ಲವರೆಂದೇ ತೋರುತ್ತದೆ. ಇದರಲ್ಲಿ ಪರೀಕ್ಷೆಗಳು ಮನೆಯವರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ. ಮಗು ಪರೀಕ್ಷೆಗೆ ಕುಳಿತಿರುವುದನ್ನು ತಂದೆತಾಯಿ ನೋಡುವುದುಂಟು, ಎಲ್ಲರೂ ಸೇರಿ ಒಂದು ಕೆಲಸವನ್ನೋ ಆಟವನ್ನೋ ಮಾಡುವ ಭೇಟಿಯೂ ಉಂಟು, ಕೊನೆಯಲ್ಲಿ ಮಗುವಿಗೆ ವರದಿಯ ಬದಲು ಅದಕ್ಕೆಂದೇ ಕಟ್ಟಿದ ಕಥೆಯೊಂದನ್ನು ಹೇಳುತ್ತಾರೆ. ನಿಮ್ಮನ್ನು ಕರೆದದ್ದು ತಪ್ಪು ಹೊರಿಸುವುದಕ್ಕಲ್ಲ. ನಿಮ್ಮ ಪತ್ರದಲ್ಲಿ ನಿಮ್ಮ ಪತಿಯ ಬಗ್ಗೆ ಒಂದು ಮಾತೂ ಇಲ್ಲ. ಅವರು ಕಳೆದುಕೊಂಡದ್ದು ಹೆತ್ತ ತಂದೆಯನ್ನು. ಸಂಜೆ ಅವರು ತೋಟದಿಂದ ಬರುವುದು ತಡವಾದರೆ ಮನೆಯಲ್ಲಿ ಏನಾಗುತ್ತದೆ, ಅಜ್ಜನ ಮಾತು ಬಂದಾಗ ಯಾರು ಎದ್ದು ಹೋಗುತ್ತಾರೆ ಎಂಬುದನ್ನೆಲ್ಲ ಹುಡುಗ ನೋಡುತ್ತಿರುತ್ತಾನೆ. ‘ಅಜ್ಜನ ಬಗ್ಗೆ ಅವನ ಮುಂದೆ ಮಾತನಾಡಬಹುದೇ?’ ಎಂಬುದನ್ನು ನಿಮ್ಮ ಪಟ್ಟಿಯಲ್ಲಿ ಮೊದಲು ಬರೆಯಿರಿ.

ನಿಮ್ಮ ಸಂಗತಿಯಲ್ಲಿ ಇನ್ನೊಂದು ತೊಡಕಿದೆ: ಆನೆಗಳು ಈಗಲೂ ಬರುತ್ತಿವೆ. ಮುಗಿದುಹೋದ ಅಪಘಾತದ ಭಯ ಬೇರೆ, ಬೇಲಿಯಾಚೆಗೇ ಇರುವ ಅಪಾಯದ ಭಯ ಬೇರೆ. ಹುಡುಗನ ಹೆದರಿಕೆಯಲ್ಲಿ ಎಷ್ಟು ಪಾಲು ವಿವೇಕದ್ದು, ಎಷ್ಟು ಪಾಲು ಆಘಾತದ್ದು ಎಂದು ತಪಾಸಣೆ ಬೇರ್ಪಡಿಸಬೇಕಾಗುತ್ತದೆ. ಶಾಲೆಯ ಬಸ್ಸಿಗೆ ಅವನು ನಡೆಯುವ ದಾರಿ, ಆನೆ ಬಂದಿದೆಯೆಂಬ ಸುದ್ದಿ ಮನೆಗೆ ತಲುಪುವ ಬಗೆ, ಶೌಚಾಲಯ ಮನೆಯ ಹೊರಗಿದೆಯೇ ಎಂಬುದನ್ನು ಕೇಳದಿದ್ದರೂ ಹೇಳಿ. ಧೈರ್ಯ ಬರಲೆಂದು ಅವನನ್ನು ಆ ಜಾಗಕ್ಕೆ ಕರೆದೊಯ್ಯುವುದು ಈಗ ಬೇಡವೇ ಬೇಡ.

ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಎಂದು ಗೊತ್ತಾದರೂ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಮಾತ್ರೆಯನ್ನಲ್ಲ. ತಂದೆತಾಯಿಯನ್ನೂ ಸೇರಿಸಿಕೊಂಡು ನಡೆಸುವ ಆಘಾತ ಕೇಂದ್ರಿತ ಮನೋಚಿಕಿತ್ಸೆಯನ್ನು. ಖರ್ಚು ಹೆಚ್ಚೆನಿಸಿದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ರಾತ್ರಿ ದಿಕ್ಕು ತೋಚದಾದಾಗ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಪೂರ್ಣ ವರದಿಯನ್ನು ಶಾಲೆಗೆ ಕೊಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಅವನನ್ನು ಎಲ್ಲಿ ಕೂರಿಸಬೇಕು, ಪಟಾಕಿ ಸದ್ದಾದಾಗ ಯಾರ ಬಳಿ ಕಳಿಸಬೇಕು ಎಂಬಷ್ಟನ್ನೇ ಹೇಳುವ ಒಂದು ಪುಟದ ಪತ್ರವನ್ನು ಶಾಲೆಗಾಗಿ ಬೇರೆಯಾಗಿ ಕೇಳಿ ಪಡೆಯಿರಿ.