ಕೊರೆಯುವ ನೀರಿನಲ್ಲಿ ಕೂತರೆ ನಿಜವಾಗಿ ಏನಾದರೂ ಲಾಭ ಇದೆಯೇ?

ಕಾಯಿಲೆ ಬರಲ್ಲ, ತೂಕ ಇಳಿಯುತ್ತೆ, ಮನಸ್ಸು ಹಗುರಾಗುತ್ತೆ ಅಂತಾರಲ್ಲ, ಇದರಲ್ಲಿ ಯಾವುದು ನಿಜ ಎಂದು ಕೇಳಿದ್ದೀರಿ. ಎರಡು ವರ್ಷದಿಂದ ವಾರಕ್ಕೆ ಮೂರ್ನಾಲ್ಕು ಸಲ ತಣ್ಣೀರಿನ ಟಬ್‌ನಲ್ಲಿ ಕೂರುತ್ತಿದ್ದೇನೆ. ಮೂರನೆಯದು ನನ್ನ ಮಟ್ಟಿಗೆ ನಿಜ, ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ನನ್ನ ಬೆಲ್ಟನ್ನೇ ಕೇಳಿ, ತೂತು ಬದಲಾಗಿಲ್ಲ. ಚಳಿಗೆ ದೇಹ ಕೊಬ್ಬು ಸುಡುವುದು ಹೌದು, ಆದರೆ ನೀರಿನಿಂದ ಎದ್ದ ಮೇಲೆ ಬರುವ ಹಸಿವು ಅದನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಕಾಯಿಲೆಯ ವಿಷಯಕ್ಕೆ ಎಲ್ಲರೂ ತೋರಿಸುವುದು ನೆದರ್ಲೆಂಡ್ಸ್‌ನ ಒಂದು ಅಧ್ಯಯನ, 2016ರದ್ದು. 3,000ಕ್ಕೂ ಹೆಚ್ಚು ಜನರ ಪೈಕಿ, ಬಿಸಿನೀರಿನ ಸ್ನಾನದ ಕೊನೆಗೆ ತಣ್ಣೀರು ಬಿಟ್ಟುಕೊಂಡವರು ಅನಾರೋಗ್ಯದ ಕಾರಣಕ್ಕೆ ಹಾಕಿದ ರಜೆ ಶೇ. 29ರಷ್ಟು ಕಡಿಮೆ. ಇಷ್ಟನ್ನು ಹೇಳಿ ನಿಲ್ಲಿಸಿಬಿಡುತ್ತಾರೆ. ಮೈ ಸರಿಯಿಲ್ಲದ ದಿನಗಳ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ ಇರಲಿಲ್ಲ. ಅಂದರೆ ನೆಗಡಿ ಎಲ್ಲರಿಗೂ ಬಂತು, ಇವರು ಮೂಗು ಒರೆಸಿಕೊಂಡೇ ಕೆಲಸಕ್ಕೆ ಹೋದರು! 30 ಸೆಕೆಂಡು ನಿಂತವರಿಗೂ 90 ಸೆಕೆಂಡು ನಿಂತವರಿಗೂ ಫಲ ಹೆಚ್ಚುಕಡಿಮೆ ಒಂದೇ.

ಮನಸ್ಸಿನ ಮಾತು ಬೇರೆ. ಚಳಿಗೆ ನೊರ್‌ಅಡ್ರಿನಲಿನ್, ಅಂದರೆ ಮೈಮನಸ್ಸನ್ನು ಚುರುಕಾಗಿಸುವ ರಾಸಾಯನಿಕ, ಏರುತ್ತದೆ. ಒಂದು ಅಧ್ಯಯನದಲ್ಲಿ ಕೆಲವರನ್ನು 14 ಡಿಗ್ರಿ ನೀರಿನಲ್ಲಿ ಕೂರಿಸಿ ಅಳೆದಾಗ ಅದು ಹಲವು ಪಟ್ಟು ಹೆಚ್ಚಿತ್ತು, ಉತ್ಸಾಹ ತರುವ ಡೋಪಮಿನ್ ಕೂಡ ಏರಿತ್ತು. ಅವರನ್ನು ಕೂರಿಸಿದ್ದು ಒಂದು ಗಂಟೆ ಎಂಬುದನ್ನು ಯಾರೂ ಹೇಳುವುದಿಲ್ಲ, ಅದು ಬೇರೆ ಕತೆ. ನನಗೆ ಮೂರು ನಿಮಿಷಕ್ಕೇ ಒಂದೆರಡು ಗಂಟೆ ತಲೆ ತಿಳಿಯಾಗಿರುತ್ತದೆ. ಅಷ್ಟಕ್ಕಾಗಿಯೇ ಇಳಿಯುತ್ತೇನೆ.

ಲಾಭಕ್ಕಿಂತ ಮೊದಲು ನೀವು ತಿಳಿಯಬೇಕಾದದ್ದು ಮೊದಲ ಅರ್ಧ ನಿಮಿಷದ ಬಗ್ಗೆ. ಚರ್ಮಕ್ಕೆ ಚಳಿ ಬಡಿದ ಕ್ಷಣ ನಿಮ್ಮನ್ನು ಕೇಳದೆಯೇ ಉಸಿರು ಒಳಕ್ಕೆ ಎಳೆಯುತ್ತದೆ, ಆಮೇಲೆ ಏದುಸಿರು, ಎದೆಬಡಿತ, ರಕ್ತದೊತ್ತಡದ ಏರಿಕೆ. ಆ ಹೊತ್ತಿಗೆ ಮುಖ ನೀರಿನೊಳಗಿದ್ದರೆ ಎಳೆದದ್ದು ಗಾಳಿಯಲ್ಲ, ನೀರು. ಮೊದಲ ದಿನ ಧೈರ್ಯ ತೋರಿಸಲು ಹೋಗಿ ಒಮ್ಮೆಲೇ ಮುಳುಗಿದವನು ನಾನು, ಕೆಮ್ಮಿ ಕೆಮ್ಮಿ ಸಾಕಾಯಿತು. ಕೆರೆ, ಹೊಳೆಯಲ್ಲಿ ಆಗಿದ್ದರೆ ಈ ಉತ್ತರ ಬರೆಯಲು ಇರುತ್ತಿದ್ದೆನೋ ಇಲ್ಲವೋ. ಒಳ್ಳೆಯ ಸುದ್ದಿ ಏನೆಂದರೆ, ಎರಡು-ಮೂರು ನಿಮಿಷದಂತೆ ಐದಾರು ಸಲ ಇಳಿದರೆ ಈ ಆಘಾತ ಅರ್ಧಕ್ಕರ್ಧ ತಗ್ಗುತ್ತದೆ. ಕಾಲಿನಿಂದ ಶುರುಮಾಡಿ ನಿಧಾನಕ್ಕೆ ಇಳಿಯಿರಿ, ಉಸಿರನ್ನು ಉದ್ದಕ್ಕೆ ಹೊರಬಿಡಿ. ಇಳಿಯುವ ಮುಂಚೆ ಜೋರುಜೋರಾಗಿ ಉಸಿರಾಡುವ ಕಸರತ್ತು ಮಾತ್ರ ಬೇಡ, ನೀರಿನಲ್ಲೇ ಪ್ರಜ್ಞೆ ತಪ್ಪಬಹುದು.

ಜಿಮ್‌ಗೆ ಹೋಗುವವರಾದರೆ ಇನ್ನೊಂದು ಮಾತು. ಮೈಕೈ ನೋವು ಕಡಿಮೆಯಾಗುವುದು ನಿಜ. ಆದರೆ ಪ್ರತಿ ಸಲ ಭಾರ ಎತ್ತಿದ ಕೂಡಲೇ ತಣ್ಣೀರಿಗೆ ಇಳಿದರೆ ಸ್ನಾಯು ಬೆಳೆಯುವುದು ಕುಂಠಿತವಾಗುತ್ತದೆ. ನಾನು ಆ ದಿನಗಳಲ್ಲಿ ಇಳಿಯುವುದಿಲ್ಲ.

ಹೃದಯದ ತೊಂದರೆ, ಬಿಪಿ, ಚಳಿಗೆ ಬೆರಳು ಬಿಳಿಚಿಕೊಳ್ಳುವ ಸಮಸ್ಯೆ ಇದ್ದರೆ, ಗರ್ಭಿಣಿಯಾಗಿದ್ದರೆ, ಡಾಕ್ಟರನ್ನು ಕೇಳದೆ ಇಳಿಯಬೇಡಿ. ಉಳಿದವರೂ ಒಬ್ಬರೇ ಇರುವಾಗ ಬೇಡ. ಮೇಲೆದ್ದ ಮೇಲೆ ಕೆಲವು ನಿಮಿಷ ನಡುಕ ಇನ್ನೂ ಹೆಚ್ಚಾಗುತ್ತದೆ, ಗಾಬರಿಯಾಗಬೇಡಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದ್ದು ಕೂತುಕೊಳ್ಳಿ. 15 ಡಿಗ್ರಿ ಆಸುಪಾಸಿನಲ್ಲಿ ಒಂದು ನಿಮಿಷದಿಂದ ಆರಂಭಿಸಿದರೆ ಸಾಕು.